ವಿಮಾನ ಕಟ್ಟಿದ ಮೇಷ್ಟ್ರು: ಡಾ. ವಿ.ಎಂ. ಘಾಟಗೆ



ಹಾನಗಲ್ಲಿನ ಭತ್ತದ ಗದ್ದೆಯಲ್ಲಿರಲಿ, ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿರಲಿ, ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ನೀವು ಮುಖ ಎತ್ತಿ ನೋಡದೆ ಇರುವುದಿಲ್ಲ. ಅದನ್ನು ಹಾರಿಸುವವರು ಪೈಲಟ್ ಎಂಬುದು ನಿಮಗೆಲ್ಲ ಗೊತ್ತು. ಆದರೆ ಆ ವಿಮಾನ ನೆಲ ಬಿಡುವ ಮೊದಲು ಇನ್ನೊಬ್ಬರು ಅದರ ಚಕ್ರ, ರೆಕ್ಕೆ, ಎಂಜಿನ್ ಎಲ್ಲವನ್ನೂ ನೋಡಿ, ಇದು ಹಾರಲು ಯೋಗ್ಯ ಎಂದು ಕಾಗದದ ಮೇಲೆ ಸಹಿ ಹಾಕಿರುತ್ತಾರೆ. ಆ ಸಹಿ ಇಲ್ಲದೆ ಪೈಲಟ್ ವಿಮಾನವನ್ನು ಮೇಲೇರಿಸುವಂತಿಲ್ಲ. ಸಹಿ ಹಾಕುವ ಈ ವ್ಯಕ್ತಿಯೇ ವಿಮಾನ ನಿರ್ವಹಣಾ ಎಂಜಿನಿಯರ್.

ಈ ಕೆಲಸವನ್ನು ಪುಸ್ತಕದಿಂದ ಕಲಿಯಬೇಕೇ, ಕೈಯಿಂದ ಕಲಿಯಬೇಕೇ? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಡಾ. ವಿಷ್ಣು ಮಾಧವ ಘಾಟಗೆ. ನಮ್ಮ ದೇಶದಲ್ಲಿ ವಿಮಾನ ಎಂಜಿನಿಯರಿಂಗ್ ಪಾಠ ಶುರುಮಾಡಿದ ಮೊದಲಿಗರಲ್ಲಿ ಅವರೊಬ್ಬರು. ಭಾರತೀಯರೇ ಯೋಚಿಸಿ, ನಕ್ಷೆ ಬರೆದು, ಕಟ್ಟಿದ ಎಚ್.ಟಿ.-2 ಎಂಬ ವಿಮಾನದ ಹಿಂದೆ ನಿಂತವರೂ ಅವರೇ. ಅವರ ಕಥೆಯನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಹೆದ್ದಾರಿಯ ಆಚೆ ಈಚೆ

ಶಿಗ್ಗಾವಿಯ ಪಕ್ಕದಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯನ್ನು ನೀವು ನೋಡಿದ್ದೀರಿ. ಅದರಲ್ಲಿ ಉತ್ತರಕ್ಕೆ ಹೊರಟರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ಸಂಕೇಶ್ವರ ಸಿಗುತ್ತದೆ. ಅಲ್ಲಿಂದ ಪಕ್ಕಕ್ಕೆ ಹೊರಳಿದರೆ ಮಹಾರಾಷ್ಟ್ರದ ಗಡಹಿಂಗ್ಲಜ ತಾಲೂಕು. ಆ ಗಡಿಸೀಮೆಯ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರ ಅಕ್ಟೋಬರ್ 24ರಂದು ವಿಷ್ಣು ಮಾಧವ ಘಾಟಗೆ ಜನಿಸಿದರು. ಅದೇ ಹೆದ್ದಾರಿಯಲ್ಲಿ ಶಿಗ್ಗಾವಿಯಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಬೆಂಗಳೂರು ಅವರ ಕರ್ಮಭೂಮಿಯಾಯಿತು.

ಅವರು ಹುಟ್ಟಿದಾಗ ವಿಮಾನಕ್ಕೆ ಇನ್ನೂ ಐದೇ ವರ್ಷ. 1903ರ ಡಿಸೆಂಬರ್ 17ರಂದು ಅಮೆರಿಕದಲ್ಲಿ ರೈಟ್ ಸಹೋದರರ ವಿಮಾನ ಮೊದಲ ಸಲ ಹಾರಿತ್ತು. ಆ ಮೊದಲ ಹಾರಾಟ ನಡೆದದ್ದು ಕೇವಲ 12 ಸೆಕೆಂಡು, ಸಾಗಿದ ದೂರ 120 ಅಡಿ. ನಿಮ್ಮ ಶಾಲೆಯ ಮೈದಾನದಲ್ಲಿ ಅಷ್ಟು ದೂರ ಅಳೆದು ನೋಡಿ. ಆ ವಿಮಾನದ ಎಂಜಿನ್ ತಯಾರಿಸಿದ್ದು ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಟೇಲರ್ ಎಂಬ ಮೆಕ್ಯಾನಿಕ್. ಸುಮಾರು ಆರು ವಾರಗಳಲ್ಲಿ ಆತ ಅದನ್ನು ಸಿದ್ಧಪಡಿಸಿದ. ಹಾಗಾಗಿ ವಿಮಾನದ ಕಥೆಯಲ್ಲಿ ಗ್ರೀಸ್ ಮೆತ್ತಿದ ಕೈಗಳಿಗೆ ಮೊದಲ ದಿನದಿಂದಲೂ ಜಾಗವಿದೆ.

ಫ್ಯಾನಿನ ಮೇಲೆ ದೂಳೇಕೆ?

ಘಾಟಗೆ ಓದಿನಲ್ಲಿ ಜಾಣರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದರು. ಆಮೇಲೆ ಹೆಚ್ಚಿನ ಓದಿಗಾಗಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರಿಗೆ ಗುರುವಾದವರು ಲುಡ್ವಿಗ್ ಪ್ರಾಂಟ್ಲ್. ಗಾಳಿಯ ಹರಿವಿನ ವಿಜ್ಞಾನದಲ್ಲಿ ಪ್ರಾಂಟ್ಲ್ ಹೆಸರು ಇಂದಿಗೂ ದೊಡ್ಡದು.

ಪ್ರಾಂಟ್ಲ್ ಕಂಡುಕೊಂಡ ಒಂದು ಸಂಗತಿಯನ್ನು ನೀವು ಮನೆಯಲ್ಲೇ ನೋಡಬಹುದು. ತಲೆಯ ಮೇಲೆ ತಿರುಗುವ ಫ್ಯಾನು ಎಷ್ಟು ಜೋರಾಗಿ ಸುತ್ತುತ್ತದೆ! ಮೇಜಿನ ಮೇಲಿನ ಕಾಗದವನ್ನೇ ಹಾರಿಸುತ್ತದೆ. ಆದರೂ ಅದರ ಅಲಗಿನ ಮೇಲೆ ದೂಳು ಕುಳಿತಿರುತ್ತದೆ. ಅಷ್ಟು ವೇಗದಲ್ಲಿ ತಿರುಗುವ ಅಲಗಿನಿಂದ ಆ ದೂಳು ಏಕೆ ಹಾರಿಹೋಗುವುದಿಲ್ಲ?

ಉತ್ತರ ಹೀಗಿದೆ. ಯಾವುದೇ ವಸ್ತುವಿನ ಮೇಲೆ ಗಾಳಿ ಹರಿಯುವಾಗ, ಮೈಗೆ ತಾಗಿದ ಗಾಳಿ ಆ ವಸ್ತುವಿಗೇ ಅಂಟಿಕೊಂಡಂತೆ ಇರುತ್ತದೆ. ಅದರ ಮೇಲಿನ ಪದರ ಸ್ವಲ್ಪ ಸರಿಯುತ್ತದೆ, ಅದಕ್ಕೂ ಮೇಲಿನದು ಇನ್ನೂ ಸ್ವಲ್ಪ ಹೆಚ್ಚು. ಹೀಗೆ ತೆಳುವಾದ ಒಂದು ಪದರದೊಳಗೆ ಗಾಳಿಯ ವೇಗ ಸೊನ್ನೆಯಿಂದ ಪೂರ್ಣ ವೇಗಕ್ಕೆ ಏರುತ್ತದೆ. ಇದಕ್ಕೆ ಸೀಮಾ ಪದರ ಎಂದು ಹೆಸರು. ದೂಳಿನ ಸಣ್ಣ ಕಣಗಳು ಈ ಪದರದ ತಳದಲ್ಲಿ ಅಡಗಿರುವುದರಿಂದ ಜೋರು ಗಾಳಿ ಅವನ್ನು ತಾಗುವುದೇ ಇಲ್ಲ. ಪ್ರಾಂಟ್ಲ್ ಇದನ್ನು 1904ರಲ್ಲಿ ಲೋಕಕ್ಕೆ ತಿಳಿಸಿದರು. ವಿಮಾನದ ರೆಕ್ಕೆಯ ಮೇಲೂ ಇಂಥದೇ ಪದರ ಇರುತ್ತದೆ. ಅದು ರೆಕ್ಕೆಯ ಮೈಬಿಟ್ಟು ಎದ್ದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು. ಆದ್ದರಿಂದಲೇ ರೆಕ್ಕೆಯ ಮೇಲಿನ ಸಣ್ಣ ತಗ್ಗು, ಕೆಸರು, ಮಂಜುಗಡ್ಡೆಯನ್ನೂ ನಿರ್ವಹಣಾ ಎಂಜಿನಿಯರುಗಳು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇಂಥ ಗುರುವಿನ ಬಳಿ ಘಾಟಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಗಣಿತದ ಸಮೀಕರಣಗಳಲ್ಲಿ ಪಳಗಿ 1930ರ ದಶಕದಲ್ಲಿ ತಾಯ್ನಾಡಿಗೆ ಮರಳಿದರು. ಆದರೆ ಆಗ ನಮ್ಮ ದೇಶದಲ್ಲಿ ವಿಮಾನದ ಕಾರ್ಖಾನೆಯೇ ಇರಲಿಲ್ಲ.

ಬೆಂಗಳೂರಿಗೆ ಬಂದ ಕಾರ್ಖಾನೆ

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಭಾರತದಲ್ಲೇ ವಿಮಾನ ಕಾರ್ಖಾನೆ ಕಟ್ಟಲು ಹೊರಟರು. ಮೈಸೂರು ಸಂಸ್ಥಾನ ಅವರ ಕೈ ಹಿಡಿಯಿತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನವು ಭೂಮಿಯನ್ನೂ ಹಣವನ್ನೂ ನೀಡಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಇಂದು ನಾವು ಎಚ್.ಎ.ಎಲ್. ಎಂದು ಕರೆಯುವುದು ಇದನ್ನೇ. ಆರಂಭದ ದಿನಗಳಲ್ಲೇ ಘಾಟಗೆ ಅಲ್ಲಿಗೆ ಸೇರಿದರು.

1941ರಲ್ಲಿ ಅಲ್ಲಿಂದ ಮೊದಲ ವಿಮಾನ ಹೊರಬಂತು. ಅದರ ವಿನ್ಯಾಸ ಅಮೆರಿಕದ್ದು, ಇಲ್ಲಿ ನಡೆದದ್ದು ಬಿಡಿಭಾಗಗಳನ್ನು ಜೋಡಿಸುವ ಕೆಲಸ. ಯುದ್ಧ ಪೂರ್ವಕ್ಕೆ ಹಬ್ಬಿದಂತೆ ಆ ಕಾರ್ಖಾನೆಯ ಸ್ವರೂಪವೇ ಬದಲಾಯಿತು. ಯುದ್ಧದಲ್ಲಿ ಪೆಟ್ಟು ತಿಂದ, ಸವೆದ ವಿಮಾನಗಳು ರಿಪೇರಿಗಾಗಿ ಬೆಂಗಳೂರಿಗೆ ಬರತೊಡಗಿದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ಎಂಬ ವಿಮಾನಗಳು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಅವನ್ನು ಕಾರ್ಖಾನೆಗೆ ಎಳೆದು ತರುತ್ತಿದ್ದರು. ಸಾವಿರಾರು ಕೆಲಸಗಾರರು ಅಲ್ಲಿ ಎಂಜಿನ್ ಬಿಚ್ಚಲು, ತೊಳೆಯಲು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸಲು ಕಲಿತರು.

ಇಲ್ಲಿ ಒಂದು ದೊಡ್ಡ ಕೊರತೆ ಎದ್ದು ಕಂಡಿತು. ಕೈಕೆಲಸ ಬಲ್ಲವರು ತಯಾರಾಗುತ್ತಿದ್ದರು. ಆದರೆ ಈ ಭಾಗ ಏಕೆ ಸವೆಯಿತು, ಈ ರೆಕ್ಕೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕಬಲ್ಲ ಭಾರತೀಯ ಎಂಜಿನಿಯರುಗಳು ಬೆರಳೆಣಿಕೆಯಷ್ಟಿದ್ದರು. ಲೆಕ್ಕ ತಿಳಿಯದಿದ್ದರೆ ನಾವು ಎಂದಿಗೂ ಇನ್ನೊಬ್ಬರು ಕಟ್ಟಿದ ವಿಮಾನಕ್ಕೆ ತೇಪೆ ಹಾಕುತ್ತಲೇ ಇರಬೇಕಾಗಿತ್ತು.

ಮೊದಲ ತರಗತಿ

1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾಯಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಸಂಸ್ಥೆ ಇದೇ. ಆ ಹೊಸ ವಿಭಾಗದ ಹೊಣೆ ಹೊತ್ತು ಮೇಷ್ಟ್ರಾದವರು ಘಾಟಗೆ.

ವಿಮಾನದ ಪಾಠವನ್ನು ಕರಿಹಲಗೆಯ ಮೇಲಷ್ಟೇ ಮಾಡಲಾಗದು. ಅದಕ್ಕೆ ಕಾರ್ಯಾಗಾರ ಬೇಕು, ಗಾಳಿ ಸುರಂಗ ಬೇಕು. ಗಾಳಿ ಸುರಂಗ ಎಂದರೇನು ಗೊತ್ತೇ? ವಿಮಾನ ನಿಂತ ಗಾಳಿಯಲ್ಲಿ ಮುನ್ನುಗ್ಗುವುದೂ ಒಂದೇ, ನಿಂತ ವಿಮಾನದ ಮೇಲೆ ಗಾಳಿ ನುಗ್ಗುವುದೂ ಒಂದೇ. ಆದ್ದರಿಂದ ದೊಡ್ಡ ಕೊಳವೆಯಂಥ ಕೋಣೆಯಲ್ಲಿ ವಿಮಾನದ ಮಾದರಿಯನ್ನು ಕಟ್ಟಿ ನಿಲ್ಲಿಸಿ, ಒಂದು ಕಡೆಯಿಂದ ಬಲವಾದ ಫ್ಯಾನಿನಿಂದ ಗಾಳಿ ಹರಿಸುತ್ತಾರೆ. ಮಾದರಿಯನ್ನು ಗಾಳಿ ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ಅಳೆಯುತ್ತಾರೆ. ಮನುಷ್ಯರ ಜೀವ ಪಣಕ್ಕಿಡದೆ ತಪ್ಪುಗಳನ್ನು ನೆಲದ ಮೇಲೇ ಹಿಡಿಯುವ ಉಪಾಯ ಇದು.

ಘಾಟಗೆ ನೆಟ್ಟ ಸಸಿ ದೊಡ್ಡ ಮರವಾಯಿತು. 1951ರಲ್ಲಿ ಇದೇ ವಿಭಾಗಕ್ಕೆ ಸತೀಶ್ ಧವನ್ ಬಂದು ಸೇರಿದರು. ಮುಂದೆ ಇಸ್ರೋದ ಅಧ್ಯಕ್ಷರಾದವರು ಅವರೇ. ಶ್ರೀಹರಿಕೋಟದ ರಾಕೆಟ್ ಉಡಾವಣಾ ಕೇಂದ್ರಕ್ಕೆ ಇಂದು ಅವರ ಹೆಸರಿದೆ.

ಕಾನ್ಪುರದ ಮುರುಕು ವಿಮಾನಗಳು

ಯುದ್ಧ ಮುಗಿಯಿತು, 1947ರಲ್ಲಿ ದೇಶ ಸ್ವತಂತ್ರವಾಯಿತು. ಹೊಸ ದೇಶದ ವಾಯುಪಡೆಗೆ ದೊಡ್ಡ ವಿಮಾನಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಯುದ್ಧಕಾಲದ ಲಿಬರೇಟರ್ ಎಂಬ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ನಾಲ್ಕು ಎಂಜಿನ್ನಿನ ದೈತ್ಯ ಅದು, ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ. ಮತ್ತೆ ಯಾರೂ ಬಳಸಬಾರದೆಂದು ಅವನ್ನು ಬೇಕೆಂದೇ ಹಾಳುಗೆಡವಿದ್ದರು. ಮೈ ನಜ್ಜುಗುಜ್ಜಾಗಿತ್ತು, ಎಂಜಿನ್ನಿಗೆ ಮರಳು ಸುರಿದಿದ್ದರು.

ಎಚ್.ಎ.ಎಲ್. ತಂಡ ಅಲ್ಲಿಗೆ ಹೋಗಿ, ಇದ್ದುದರಲ್ಲಿ ಗಟ್ಟಿಯಾದವನ್ನು ಆರಿಸಿತು. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ಮುಟ್ಟುವಷ್ಟರ ಮಟ್ಟಿಗೆ ರಿಪೇರಿ ಮಾಡಿತು. ಕಂಪನಿಯ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಯೋಚಿಸಿ ನೋಡಿ. ನಿನ್ನೆ ಗುಜರಿಯಲ್ಲಿ ಬಿದ್ದಿದ್ದ ವಿಮಾನವನ್ನು ಇಂದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಾರಿಸಬೇಕು. ರಿಪೇರಿ ಮಾಡಿದ ಫಿಟ್ಟರ್ ಒಂದು ನಟ್ಟನ್ನು ಸಡಿಲ ಬಿಟ್ಟಿದ್ದರೂ ಪೈಲಟ್‌ನ ಜೀವಕ್ಕೇ ಅಪಾಯ. ಮುನ್ಷಿಯವರು ಆ ಫಿಟ್ಟರುಗಳ ಕೈಯನ್ನು ನಂಬಿ ಕುಳಿತರು. ಸುಮಾರು 40 ಲಿಬರೇಟರುಗಳು ಬೆಂಗಳೂರಿನಲ್ಲಿ ಪೂರ್ತಿ ದುರಸ್ತಿಯಾಗಿ ವಾಯುಪಡೆ ಸೇರಿದವು. 1948ರಿಂದ 1968ರವರೆಗೆ, ಇಪ್ಪತ್ತು ವರ್ಷ ಅವು ಸೇವೆ ಸಲ್ಲಿಸಿದವು.

ನಮ್ಮದೇ ವಿಮಾನ

ಈ ಕೆಲಸ ನಡೆದಿದ್ದ ಹೊತ್ತಿನಲ್ಲಿ, 1948ರ ಸುಮಾರಿಗೆ, ಘಾಟಗೆ ಮೇಷ್ಟ್ರ ಕೆಲಸದಿಂದ ಮತ್ತೆ ಎಚ್.ಎ.ಎಲ್.ಗೆ ಬಂದರು. ಈ ಸಲ ವಿನ್ಯಾಸದ ಹೊಣೆ ಅವರದು. ಎದುರಿಗಿದ್ದ ಸವಾಲು: ಹಾರಾಟ ಕಲಿಯುವವರಿಗಾಗಿ ಒಂದು ಭಾರತೀಯ ವಿಮಾನ.

ತರಬೇತಿ ವಿಮಾನ ಚಿಕ್ಕದು, ಹಾಗೆಂದು ಸುಲಭದ್ದಲ್ಲ. ನೀವು ಸೈಕಲ್ ಕಲಿಯುವಾಗ ಎಷ್ಟು ಸಲ ಬಿದ್ದಿರಿ? ಸೈಕಲ್ಲಿನ ಹ್ಯಾಂಡಲ್ ಸೊಟ್ಟಗಾಯಿತು, ಮೊಳಕಾಲು ತರಚಿತು, ಮತ್ತೆ ಹತ್ತಿದಿರಿ. ಆಕಾಶದಲ್ಲಿ ಕಲಿಯುವವರಿಗೆ ಬೀಳುವ ಅವಕಾಶವೇ ಇಲ್ಲ. ಅವರು ವಿಮಾನವನ್ನು ನೆಲಕ್ಕೆ ಧಡ್ಡನೆ ಇಳಿಸಿಯಾರು, ತಪ್ಪು ಕಡೆಗೆ ತಿರುಗಿಸಿಯಾರು. ಅವೆಲ್ಲವನ್ನೂ ತಾಳಿಕೊಂಡು ವಿಮಾನ ಅವರನ್ನು ಸುರಕ್ಷಿತವಾಗಿ ಕೆಳಗೆ ತರಬೇಕು.

ಘಾಟಗೆ ಮತ್ತು ಅವರ ತಂಡ ರೂಪಿಸಿದ ವಿಮಾನಕ್ಕೆ ಎಚ್.ಟಿ.-2 ಎಂದು ಹೆಸರಾಯಿತು. ಹಿಂದೂಸ್ತಾನ್ ಟ್ರೇನರ್ ಎಂಬುದರ ಚುಟುಕು ರೂಪ ಅದು. ಅದುವರೆಗೆ ನಮ್ಮ ಪೈಲಟ್‌ಗಳು ಕಲಿಯುತ್ತಿದ್ದ ಟೈಗರ್ ಮಾತ್ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿರುತ್ತಿತ್ತು. ಎಚ್.ಟಿ.-2ರ ಮೈಯೆಲ್ಲ ಲೋಹ. ರೆಕ್ಕೆಯ ಅಗಲ ಸುಮಾರು 35 ಅಡಿ. ಒಂದರ ಹಿಂದೆ ಒಂದರಂತೆ ಎರಡು ಆಸನ. ಎರಡು ಕಡೆಯೂ ಚಾಲನೆಯ ಸಲಕರಣೆ ಇದ್ದುದರಿಂದ ಶಿಷ್ಯ ತಪ್ಪಿದರೆ ಗುರು ಸರಿಪಡಿಸಬಹುದಾಗಿತ್ತು.

1951ರ ಆಗಸ್ಟ್ ತಿಂಗಳಲ್ಲಿ ಎಚ್.ಟಿ.-2 ಮೊದಲ ಬಾರಿಗೆ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ಯಾರು ಗೊತ್ತೇ? ಕಾನ್ಪುರದ ಲಿಬರೇಟರುಗಳನ್ನು ತಂದ ಅದೇ ಜಮ್ಷೆಡ್ ಮುನ್ಷಿ. ಹೊಸ ವಿಮಾನದ ಮೊದಲ ಹಾರಾಟದಲ್ಲಿ ಲೆಕ್ಕ ತಪ್ಪಿದ್ದರೆ ತಿದ್ದಲು ಮೇಲೆ ಸಮಯ ಸಿಗುವುದು ಕಷ್ಟ. ಲೆಕ್ಕ ತಪ್ಪಿರಲಿಲ್ಲ. ಮುಂದೆ ಸುಮಾರು 170 ಎಚ್.ಟಿ.-2 ವಿಮಾನಗಳು ತಯಾರಾದವು. ಸುಮಾರು ಮೂರು ದಶಕಗಳ ಕಾಲ ನಮ್ಮ ವಾಯುಪಡೆಯ ತರುಣರು ಹಾರಾಟದ ಮೊದಲ ಪಾಠವನ್ನು ಅದರಲ್ಲೇ ಕಲಿತರು. ಆಫ್ರಿಕದ ಘಾನಾ ದೇಶದ ವಾಯುಪಡೆಯೂ ಅದನ್ನು ಕೊಂಡಿತು.

ಘಾಟಗೆ ಅಲ್ಲಿಗೇ ನಿಲ್ಲಲಿಲ್ಲ. 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಪುಷ್ಪಕ್, 1959ರಲ್ಲಿ ಸೇನೆಗಾಗಿ ಕೃಷಕ್ ಹಾರಿದವು. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರೊಡನೆ ಭಾರತೀಯ ಎಂಜಿನಿಯರುಗಳು ಸೇರಿ ಮಾರುತ್ ಎಂಬ ಯುದ್ಧವಿಮಾನ ರೂಪಿಸಿದರು. ಅದು 1961ರಲ್ಲಿ ಹಾರಿತು. 1964ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಬಂತು. ಆಕಾಶದಲ್ಲಿ ಚಮತ್ಕಾರ ತೋರಿಸುವ ಸೂರ್ಯಕಿರಣ್ ತಂಡ 1996ರಿಂದ 2011ರವರೆಗೆ ಹಾರಿಸಿದ್ದು ಈ ಕಿರಣ್ ವಿಮಾನವನ್ನೇ. 1965ರಲ್ಲಿ ಸರ್ಕಾರ ಘಾಟಗೆಯವರಿಗೆ ಪದ್ಮಶ್ರೀ ನೀಡಿತು. 1991ರಲ್ಲಿ ಅವರು ತೀರಿಕೊಂಡರು.

ನೀವೂ ಕಲಿಯಬಹುದೇ?

ಖಂಡಿತ. ನಿಮಗೆಲ್ಲ ಪ್ರಿಯರಾದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಕೂಡ ಮದರಾಸಿನಲ್ಲಿ ವಿಮಾನ ಎಂಜಿನಿಯರಿಂಗ್ ಓದಿದ ಮೇಲೆ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತರಬೇತಿ ಪಡೆದರು. ಅಲ್ಲಿ ಅವರು ಮಾಡಿದ್ದು ವಿಮಾನದ ಎಂಜಿನ್ ಬಿಚ್ಚಿ, ಪರೀಕ್ಷಿಸಿ, ಮತ್ತೆ ಜೋಡಿಸುವ ಕೆಲಸ.

ಇಂದು ವಿಮಾನ ನಿರ್ವಹಣೆ ಕಲಿಯಲು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ನಂತರ ಇದಕ್ಕೆಂದೇ ಇರುವ ಕೋರ್ಸು ಸೇರಬಹುದು. ಅಲ್ಲಿ ತರಗತಿಯ ಪಾಠದ ಜೊತೆಗೆ ಹ್ಯಾಂಗರ್‌ನಲ್ಲಿ, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿನಲ್ಲಿ, ಕೈಕೆಲಸ ಕಲಿಸುತ್ತಾರೆ. ರಿವೆಟ್ ಹೊಡೆಯುವುದು, ತಂತಿ ಕಟ್ಟುವುದು, ಎಂಜಿನ್ ಒಳಗನ್ನು ಪರೀಕ್ಷಿಸುವುದು ಎಲ್ಲವೂ ಪಾಠವೇ. ಆದರೆ ಒಂದು ಮಾತು ನೆನಪಿಡಿ: ಪದವಿ ಪಡೆದ ಮಾತ್ರಕ್ಕೆ ವಿಮಾನಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಕೇಂದ್ರ ಸರ್ಕಾರದ ಡಿ.ಜಿ.ಸಿ.ಎ. ಎಂಬ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ನಿಗದಿತ ಕಾಲ ಕೈಯಾರೆ ಕೆಲಸ ಮಾಡಿದ ಅನುಭವ ತೋರಿಸಿ, ಲೈಸೆನ್ಸ್ ಪಡೆಯಬೇಕು. ಆದ್ದರಿಂದ ಯಾವ ಕಾಲೇಜಿಗೆ ಸೇರುವ ಮೊದಲೂ ಅದಕ್ಕೆ ಡಿ.ಜಿ.ಸಿ.ಎ. ಮಾನ್ಯತೆ ಇದೆಯೇ ಎಂದು ಕೇಳಿ ತಿಳಿಯಬೇಕು. ಹತ್ತನೆಯ ತರಗತಿಯ ನಂತರ ಐ.ಟಿ.ಐ.ಯಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕಲಿತವರೂ ಎಚ್.ಎ.ಎಲ್.ನಂಥ ಕಾರ್ಖಾನೆಗಳಲ್ಲಿ ತರಬೇತಿಗೆ ಅರ್ಜಿ ಹಾಕಬಹುದು. ಈ ದಾರಿಗಳೆಲ್ಲ ಹುಡುಗರಿಗೆ ಎಷ್ಟೋ ಹುಡುಗಿಯರಿಗೂ ಅಷ್ಟೇ ತೆರೆದಿವೆ.

ಮಾಡಿ ನೋಡಿ

ವಿಮಾನವನ್ನು ಇಷ್ಟಿಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ಪರೀಕ್ಷಿಸಲೇಬೇಕು ಎಂಬ ನಿಯಮ ಏಕಿದೆ? ಈ ಪ್ರಯೋಗದಿಂದ ತಿಳಿಯಿರಿ.

ಬೇಕಾದವು: ಒಂದೇ ಬಗೆಯ ಐದು ಜೆಮ್ ಕ್ಲಿಪ್, ನೋಟ್‌ಬುಕ್, ಪೆನ್ನು.

ಮಾಡುವ ಬಗೆ: ಒಂದು ಕ್ಲಿಪ್ಪನ್ನು ನೇರ ಮಾಡಿ. ನಡುವೆ ಹಿಡಿದು ಒಂದು ಕಡೆ ಬಗ್ಗಿಸಿ, ಮತ್ತೆ ನೇರ ಮಾಡಿ. ಇದು ಒಂದು ಸಲ. ಅದು ಮುರಿಯುವವರೆಗೆ ಎಣಿಸುತ್ತ ಹೋಗಿ. ಮುರಿದ ತುದಿ ಚೂಪಾಗಿಯೂ ಬಿಸಿಯಾಗಿಯೂ ಇರುತ್ತದೆ, ಮುಖದಿಂದ ದೂರ ಹಿಡಿಯಿರಿ. ಉಳಿದ ನಾಲ್ಕರಲ್ಲೂ ಹೀಗೆಯೇ ಮಾಡಿ. ಪ್ರತಿ ಸಲದ ಸಂಖ್ಯೆ ಬರೆದು, ಎಣಿಸಿದವರು ಕೆಳಗೆ ಸಹಿ ಹಾಕಿ.

ಗಮನಿಸಿ: ಮೊದಲ ಸಲ ಬಗ್ಗಿಸಿದಾಗ ಯಾವ ಕ್ಲಿಪ್ಪೂ ಮುರಿಯಲಿಲ್ಲ. ಮತ್ತೆ ಮತ್ತೆ ಬಗ್ಗಿಸಿದಾಗ ಒಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯಿತು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ವಿಮಾನದ ರೆಕ್ಕೆಯೂ ಹಾರುವಾಗ ಸ್ವಲ್ಪ ಸ್ವಲ್ಪ ಬಾಗುತ್ತಲೇ ಇರುತ್ತದೆ. ನಿಮ್ಮ ಐದು ಸಂಖ್ಯೆಗಳು ಒಂದೇ ಆಗಿವೆಯೇ? ಆಗಿರಲಾರವು. ಹಾಗಾದರೆ ಕ್ಲಿಪ್ಪನ್ನು ಎಷ್ಟನೆಯ ಸಲಕ್ಕೆ ಮೊದಲು ಬದಲಿಸುತ್ತೀರಿ? ಗುಂಪಿನಲ್ಲಿ ಚರ್ಚಿಸಿ.

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನೀವು ಕ್ಲಿಪ್ಪನ್ನು ಕೈಯಲ್ಲಿ ಹಿಡಿದಿರುತ್ತೀರಿ, ಲೆಕ್ಕವನ್ನು ತಲೆಯಲ್ಲಿ ಮಾಡುತ್ತೀರಿ. ಘಾಟಗೆಯವರು ಮಾಡಿದ್ದೂ ಇದನ್ನೇ. ಜರ್ಮನಿಯ ಗಣಿತವನ್ನು ಬೆಂಗಳೂರಿನ ಕಾರ್ಖಾನೆಗೆ ತಂದರು.

ಸವಣೂರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಅಣ್ಣ, ನಿಮ್ಮೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಕಾಕಾ, ಚಕ್ಕಡಿಯ ಗಾಲಿ ಕಳಚದಂತೆ ಅಚ್ಚಿನ ಕಡಾಣಿಯನ್ನು ಹೊರಡುವ ಮೊದಲು ಮುಟ್ಟಿ ನೋಡುವ ಅಜ್ಜ, ಇವರೆಲ್ಲರ ಬಳಿಯೂ ಕಲಿಯುವುದಿದೆ. ಮುಂದಿನ ಸಲ ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಪಾನಾ ಎತ್ತಿಕೊಡಿ, ಇದು ಏಕೆ ಸವೆಯಿತು ಎಂದು ಕೇಳಿ. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೋದರೆ ಎಚ್.ಎ.ಎಲ್.ನ ವಿಮಾನ ಸಂಗ್ರಹಾಲಯದಲ್ಲಿ ಎಚ್.ಟಿ.-2 ವಿಮಾನವನ್ನು ತಪ್ಪದೆ ನೋಡಿ ಬನ್ನಿ. ಅದರ ಮೈಮೇಲೆ ಸಾಲಾಗಿ ಕಾಣುವ ರಿವೆಟ್‌ಗಳನ್ನು ಗಮನಿಸಿ. ಒಂದೊಂದನ್ನೂ ಯಾರೋ ಒಬ್ಬರು ಕೈಯಾರೆ ಕೂರಿಸಿ, ಇನ್ನೊಬ್ಬರು ಪರೀಕ್ಷಿಸಿದ್ದಾರೆ.